ಹಳದಿ ಗೋಡೆಯ ಮುಂದೆ ಇನ್ನಷ್ಟು ಹೊತ್ತು

ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುವ ಮಿತ್ರರಿಗೆ,



ಈ ಸೆಮಿಸ್ಟರಿನ ಮೌಲ್ಯಮಾಪನ ಮುಗಿದಿದೆ. ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಬರೆದ ‘ದಿ ಯೆಲ್ಲೋ ವಾಲ್‌ಪೇಪರ್’ ಕಥೆಯ ಉತ್ತರಗಳನ್ನು ನಾನೂ ತಿದ್ದಿದ್ದೇನೆ, ನಿಮ್ಮಲ್ಲಿ ಅನೇಕರೂ ತಿದ್ದಿದ್ದೀರಿ. ಕಥೆಯ ಸಂಕೇತಗಳನ್ನು ವಿವರಿಸಿ ಎಂದು ಕೇಳಿದರೆ ಬರುವ ಉತ್ತರ ಯಾವ ಕಾಲೇಜಿನದಾದರೂ ಒಂದೇ ಅಚ್ಚಿನದು. ಗೋಡೆಯ ಕಾಗದ ಪುರುಷಪ್ರಧಾನ ವ್ಯವಸ್ಥೆಯ ಸಂಕೇತ. ಕಿಟಕಿಯ ಸರಳುಗಳು ಬಂಧನದ ಸಂಕೇತ. ನೆಲಕ್ಕೆ ಮೊಳೆ ಹೊಡೆದ ಮಂಚ ದಾಂಪತ್ಯದ ಸಂಕೇತ. ಹಳದಿ ಬಣ್ಣ ಕೊಳೆತದ್ದರ, ಕಾಯಿಲೆಯ ಸಂಕೇತ. ಕಾಗದದ ಹಿಂದೆ ಕಾಣುವವಳು ಸಮಸ್ತ ಸ್ತ್ರೀಕುಲದ ಸಂಕೇತ. ಕೊನೆಯಲ್ಲಿ ಕಾಗದ ಹರಿದದ್ದು ವಿಮೋಚನೆ. ನಾವು ಕೊಟ್ಟ ನೋಟ್ಸೇ ನಮ್ಮ ಕೈಗೆ ವಾಪಸ್ ಬರುತ್ತದೆ. ಅಂಕ ಕೊಡುತ್ತೇವೆ.

ಈ ವಾಕ್ಯಗಳಲ್ಲಿ ಯಾವುದನ್ನೂ ತಪ್ಪು ಎಂದು ಹೊಡೆದುಹಾಕುವ ಹಾಗಿಲ್ಲ. ಆದರೆ ಇವನ್ನು ಬರೆಯಲು ಕಥೆಯನ್ನು ಓದಬೇಕಾಗಿಯೂ ಇಲ್ಲ. ನನ್ನ ತಕರಾರು ಅಷ್ಟಕ್ಕೇ ನಿಲ್ಲುವುದಿಲ್ಲ. ಈ ಪಟ್ಟಿಯಲ್ಲಿ, ಕಥೆ ಹೇಳುವ ಕಾಯಿಲೆಯಾದ ಆ ಹೆಂಗಸು ಎಲ್ಲೂ ಇಲ್ಲ. ಅವಳು ಕಂಡದ್ದೂ ಇಲ್ಲ, ಮೂಸಿದ್ದೂ ಇಲ್ಲ, ರಾತ್ರಿಯಿಡೀ ಎದ್ದು ಕೂತು ಲೆಕ್ಕ ಹಾಕಿದ್ದೂ ಇಲ್ಲ. ಅವಳ ಕಣ್ಣೆದುರಿನ ವಸ್ತುವನ್ನು ನೋಡುವ ಮೊದಲೇ ಅದು ಏನೆಂದು ತೀರ್ಮಾನಿಸುವ ಒಬ್ಬ ಮನುಷ್ಯ ಕಥೆಯೊಳಗೇ ಇದ್ದಾನೆ: ಅವಳ ಗಂಡ, ಡಾಕ್ಟರ್ ಜಾನ್. ನಮ್ಮ ವಿದ್ಯಾರ್ಥಿಗಳನ್ನು ನಾವು ಅವನ ಪಕ್ಕದಲ್ಲಿ ನಿಲ್ಲಿಸುತ್ತಿದ್ದೇವೆ ಎಂಬ ಸಂಕಟದಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಥೆಯ ಆರಂಭದಲ್ಲೇ ಬಂದು ಹೋಗುವ ಒಂದು ಜಾಗವನ್ನು ದಯವಿಟ್ಟು ಮತ್ತೆ ತೆಗೆದು ನೋಡಿ. ಬೇಸಿಗೆಯ ಮೂರು ತಿಂಗಳಿಗೆಂದು ಬಾಡಿಗೆಗೆ ಹಿಡಿದ ಹಳೆಯ ದೊಡ್ಡ ಮನೆ. ಮಗು ಹುಟ್ಟಿ ಹೆಚ್ಚು ದಿನವಾಗಿಲ್ಲ. ಅವಳಿಗೆ ಇಷ್ಟವಾದದ್ದು ಕೆಳಗಿನ ಕೋಣೆ, ಜಗಲಿಗೆ ತೆರೆದುಕೊಳ್ಳುವಂಥದ್ದು, ಕಿಟಕಿಯ ತುಂಬ ಗುಲಾಬಿ. ಗಂಡ ಒಪ್ಪಲಿಲ್ಲ, ಗಾಳಿ ಬೆಳಕು ಚೆನ್ನಾಗಿದೆ ಎಂದು ಮೇಲಿನ ಕೋಣೆಯಲ್ಲಿ ಇರಿಸಿದ. ಅಲ್ಲಿಯ ಗೋಡೆಯ ಕಾಗದ ಕಂಡರಾಗುವುದಿಲ್ಲ, ಅದನ್ನು ಬದಲಾಯಿಸಿ ಎಂದು ಅವಳು ಕೇಳುತ್ತಾಳೆ. ಮೊದಲು ಆಗಲಿ ಎಂದವನು ಆಮೇಲೆ ಬೇಡವೆನ್ನುತ್ತಾನೆ. ಕಾಗದ ಬದಲಾಯಿಸಿದರೆ ನಾಳೆ ಮಂಚ ಅನ್ನುತ್ತೀಯ, ಆಮೇಲೆ ಸರಳಿನ ಕಿಟಕಿ, ಆಮೇಲೆ ಮೆಟ್ಟಿಲಿನ ತುದಿಯ ಗೇಟು, ಇದಕ್ಕೆ ಕೊನೆ ಎಲ್ಲಿ ಎಂಬುದು ಅವನ ವಾದ. ಕಾಗದ, ಮಂಚ, ಕಿಟಕಿ, ಗೇಟು. ನಮ್ಮ ಗೈಡುಗಳಲ್ಲಿರುವ ಸಂಕೇತಗಳ ಪಟ್ಟಿ ಹೆಚ್ಚೂಕಡಿಮೆ ಇದೇ ಕ್ರಮದಲ್ಲಿ ಜಾನ್‌ನ ಬಾಯಲ್ಲಿ ಬರುತ್ತದೆ. ಆ ಕೋಣೆಯಲ್ಲಿ ಒಬ್ಬ ಬಾಣಂತಿ ಮಲಗಬಾರದು ಅನ್ನಿಸಲು ಬೇಕಾದದ್ದನ್ನೆಲ್ಲ ಅವನೇ ಎಣಿಸಿ ಹೇಳುತ್ತಾನೆ. ಅವುಗಳಲ್ಲಿ ಒಂದೂ ಅವನಿಗೆ ಕಾಣುವುದಿಲ್ಲ. ಗಿಲ್ಮನ್ ಈ ಮಾತನ್ನು ಅಲ್ಲಿ ಬೇಕೆಂದೇ ಇಟ್ಟಿದ್ದಾರೆ ಎಂದು ನಾನು ನಂಬುತ್ತೇನೆ.

ಈ ಕೋಣೆ ಅವರ ಬರವಣಿಗೆಗೆ ಎಲ್ಲಿಂದ ಬಂತು ಎಂಬುದನ್ನು ತರಗತಿಯಲ್ಲಿ ನಾವು ಎರಡು ವಾಕ್ಯದಲ್ಲಿ ಮುಗಿಸುತ್ತೇವೆ. ಅದಕ್ಕೆ ಒಂದು ಪೂರ್ತಿ ಪಿರಿಯಡ್ ಕೊಟ್ಟರೂ ಕಡಿಮೆ. ಗಿಲ್ಮನ್ ಹುಟ್ಟಿದ್ದು 1860ರಲ್ಲಿ, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ. ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆದ ಹ್ಯಾರಿಯೆಟ್ ಬೀಚರ್ ಸ್ಟೋವ್ ತಂದೆಯ ಕಡೆಯಿಂದ ಹತ್ತಿರದ ನೆಂಟರು. ತಂದೆ ಮನೆ ಬಿಟ್ಟು ಹೋಗಿದ್ದರಿಂದ ಬಡತನದಲ್ಲೇ ಬೆಳೆದವರು. 1884ರಲ್ಲಿ ಚಾರ್ಲ್ಸ್ ವಾಲ್ಟರ್ ಸ್ಟೆಟ್ಸನ್ ಎಂಬ ಚಿತ್ರಕಾರನ ಜೊತೆ ಮದುವೆ, 1885ರ ಮಾರ್ಚಿನಲ್ಲಿ ಮಗಳು ಕ್ಯಾಥರೀನ್. ಹೆರಿಗೆಯ ನಂತರ ಮನಸ್ಸು ಕುಸಿಯಿತು. ಮಗುವನ್ನು ಎತ್ತಿಕೊಂಡರೆ ಅಳು. ಗಂಡನನ್ನೂ ಮಗುವನ್ನೂ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಚೇತರಿಕೆ, ಮನೆಗೆ ಮರಳಿದೊಡನೆ ಮತ್ತೆ ಅದೇ ಕತ್ತಲು. 1887ರಲ್ಲಿ ಫಿಲಡೆಲ್ಫಿಯಾದ ಡಾಕ್ಟರ್ ಸೈಲಸ್ ವಿಯರ್ ಮಿಚೆಲ್ ಬಳಿಗೆ ಹೋದರು.

ಈ ಮಿಚೆಲ್ ಅಳಲೆಕಾಯಿ ಪಂಡಿತರೇನೂ ಅಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರ ನರಗಳ ಗಾಯವನ್ನು ಅಧ್ಯಯನ ಮಾಡಿ ಹೆಸರಾದವರು. ಕತ್ತರಿಸಿ ತೆಗೆದ ಕೈಕಾಲು ಇನ್ನೂ ಇದೆಯೆಂದು ರೋಗಿಗೆ ಅನ್ನಿಸುವ ಸ್ಥಿತಿಗೆ ವೈದ್ಯಶಾಸ್ತ್ರ ಇಂದೂ ಬಳಸುವ ಹೆಸರು ಕೊಟ್ಟವರು ಅವರೇ. ಇಲ್ಲದ ಅಂಗದ ನೋವನ್ನು ನಂಬಿದ ವೈದ್ಯರು ಎದುರಿಗಿದ್ದ ಹೆಂಗಸಿನ ಮಾತನ್ನು ನಂಬಲಿಲ್ಲ ಎಂಬುದು ನನ್ನನ್ನು ಬಹಳ ಕಾಡುತ್ತದೆ. ‘ನರದೌರ್ಬಲ್ಯ’ದ ಹೆಂಗಸರಿಗೆ ಅವರದು ವಿಶ್ರಾಂತಿ ಚಿಕಿತ್ಸೆ: ವಾರಗಟ್ಟಲೆ ಹಾಸಿಗೆ, ಮನೆಯವರಿಂದ ದೂರ, ಹೊಟ್ಟೆ ತುಂಬ ಹಾಲು ಮತ್ತು ಕೊಬ್ಬಿನ ಆಹಾರ, ಮೈಕೈ ನೀವುವುದು, ಸ್ನಾಯುಗಳಿಗೆ ವಿದ್ಯುತ್ತು. ಅಂಥದೇ ದೂರು ಹೊತ್ತು ಬಂದ ಗಂಡಸರಿಗೆ ಬೇರೆ ದಾರಿ ತೋರಿಸಿದ್ದೂ ಇದೆ. 1885ರಲ್ಲಿ ಓವನ್ ವಿಸ್ಟರ್ ಎಂಬ ಯುವಕನನ್ನು ಅವರು ಪಶ್ಚಿಮದ ವಯೋಮಿಂಗ್‌ಗೆ ಕಳಿಸಿದರು. ಕುದುರೆ ಸವಾರಿ, ಬೇಟೆ, ಬಯಲು. ಆ ಅನುಭವದಿಂದಲೇ ವಿಸ್ಟರ್ ಮುಂದೆ ‘ದಿ ವರ್ಜೀನಿಯನ್’ ಕಾದಂಬರಿ ಬರೆದ. ಗಿಲ್ಮನ್ ಅವರನ್ನು ಸುಮಾರು ಒಂದು ತಿಂಗಳು ಮಲಗಿಸಿ ಮನೆಗೆ ಕಳಿಸುವಾಗ ಕೊಟ್ಟ ಆದೇಶ ಬೇರೆ. ಆದಷ್ಟೂ ಮನೆವಾರ್ತೆಯಲ್ಲೇ ಇರಬೇಕು, ಮಗುವನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು, ಊಟವಾದ ಮೇಲೆ ಪ್ರತಿ ಸಲ ಒಂದು ಗಂಟೆ ಮಲಗಬೇಕು, ತಲೆಗೆ ಕೆಲಸ ಕೊಡುವುದು ದಿನಕ್ಕೆ ಎರಡೇ ಗಂಟೆ, ಬದುಕಿರುವವರೆಗೆ ಪೆನ್ನು, ಕುಂಚ, ಪೆನ್ಸಿಲ್ ಮುಟ್ಟಬಾರದು.

ಅವರು ಕೆಲವು ತಿಂಗಳು ಅದನ್ನು ಪಾಲಿಸಿದರು. ಆ ದಿನಗಳ ಬಗ್ಗೆ ತಮ್ಮ ಆತ್ಮಕಥೆಯಲ್ಲಿ ಬರೆದ ಎರಡು ಸಂಗತಿಗಳನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. ಬಟ್ಟೆಯ ಗೊಂಬೆಯೊಂದನ್ನು ಮಾಡಿ ಬಾಗಿಲ ಹಿಡಿಗೆ ನೇತುಹಾಕಿ ಅದರೊಡನೆ ಆಡುತ್ತಿದ್ದರು. ಒಳಗಿನ ಒತ್ತಡ ತಾಳಲಾರದೆ ಮನೆಯ ಮೂಲೆಯ ಕಪಾಟುಗಳೊಳಗೆ, ಮಂಚದ ಕೆಳಗೆ ತೆವಳಿಕೊಂಡು ಹೋಗಿ ಅವಿತುಕೊಳ್ಳುತ್ತಿದ್ದರು. ಮಿತ್ರರೇ, ಕಥೆಯಲ್ಲಿ ಆ ಹೆಂಗಸು ನೆಲದ ಮೇಲೆ ತೆವಳುವುದನ್ನು ನಾವು ‘ಸ್ತ್ರೀಯನ್ನು ಶಿಶುವಿನ ಮಟ್ಟಕ್ಕಿಳಿಸಿದ್ದರ ಸಂಕೇತ’ ಎಂದು ಬರೆಸುತ್ತೇವೆ. ಬರೆಸೋಣ. ಅದಕ್ಕೂ ಮೊದಲು ಅದು ಇಪ್ಪತ್ತಾರು ಇಪ್ಪತ್ತೇಳರ ಒಬ್ಬ ತಾಯಿ ನಿಜವಾಗಿ ಮಾಡಿದ ಕೆಲಸ ಎಂಬುದು ವಿದ್ಯಾರ್ಥಿಗೆ ಗೊತ್ತಿರಬೇಕಲ್ಲವೇ? ಮೊಣಕಾಲು ತರಚಿದ ನೆಲ, ಮಂಚದ ಕೆಳಗಿನ ಧೂಳು ಗೊತ್ತಿಲ್ಲದ ಸಂಕೇತಕ್ಕೆ ತೂಕ ಬರುವುದಾದರೂ ಎಲ್ಲಿಂದ?

1888ರಲ್ಲಿ ಅವರು ಗಂಡನಿಂದ ಬೇರೆಯಾಗಿ ಮಗಳೊಂದಿಗೆ ಕ್ಯಾಲಿಫೋರ್ನಿಯಾದ ಪಸಡೀನಾಕ್ಕೆ ಹೋದರು. 1890ರ ಬೇಸಿಗೆಯಲ್ಲಿ ಅಲ್ಲಿಯೇ ಈ ಕಥೆ ಬರೆದದ್ದು. ‘ಅಟ್ಲಾಂಟಿಕ್ ಮಂತ್ಲಿ’ಯ ಸಂಪಾದಕ ಹೊರೇಸ್ ಸ್ಕಡರ್ ಕಥೆ ಓದಿ ವಾಪಸ್ ಕಳಿಸಿದರು, ಓದಿ ತಮಗಾದ ಸಂಕಟವನ್ನು ಬೇರೆಯವರಿಗೆ ಹಂಚಲು ಅವರಿಗೆ ಮನಸ್ಸಾಗಲಿಲ್ಲ. 1892ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಮ್ಯಾಗಜೀನ್’ ಅದನ್ನು ಅಚ್ಚು ಹಾಕಿತು.

ಇನ್ನು ಗೋಡೆಯ ಹತ್ತಿರ ಬರೋಣ. ಗಿಲ್ಮನ್ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನಲ್ಲಿ ಕಲಿತವರು, ಅಂಗಡಿಗಳ ಜಾಹೀರಾತು ಕಾರ್ಡುಗಳಿಗೆ ಚಿತ್ರ ಬರೆದು ಸಂಪಾದಿಸಿದವರು. ಹಾಗಾಗಿ ಆ ಕಾಗದವನ್ನು ನೋಡುವ ಕಣ್ಣು ಕಸುಬುದಾರಳ ಕಣ್ಣು. ವಿನ್ಯಾಸದ ನಿಯಮಗಳು ತನಗೆ ಅಲ್ಪಸ್ವಲ್ಪ ತಿಳಿದಿವೆ ಎಂದು ನಿರೂಪಕಿ ಹೇಳುತ್ತಾಳೆ. ಕೇಂದ್ರದಿಂದ ಹೊರಡುವ ರೇಖೆ, ಪುನರಾವರ್ತನೆ, ಒಂದಾದ ಮೇಲೊಂದು ಬರುವ ಕ್ರಮ, ಎರಡು ಬದಿಯ ಸಮತೂಕ, ಇವುಗಳಲ್ಲಿ ಯಾವುದನ್ನೂ ಈ ಕಾಗದ ಪಾಲಿಸುವುದಿಲ್ಲ ಎಂಬುದು ಅವಳ ದೂರು. ಒಂದು ಗೆರೆಯನ್ನು ಹಿಡಿದು ಕೊನೆ ಮುಟ್ಟಿಸಿಯೇ ತೀರುತ್ತೇನೆಂದು ಹಟ ಹಿಡಿಯುತ್ತಾಳೆ. ಹಗಲಲ್ಲಿ ಕಾಣುವ ನಕ್ಷೆ ಒಂದು, ಬೆಳದಿಂಗಳಲ್ಲಿ ಕಾಣುವುದು ಇನ್ನೊಂದು. ರಾತ್ರಿ ಮೇಲಿನ ನಕ್ಷೆ ಸರಳುಗಳಾಗುತ್ತದೆ, ಹಿಂದಿನ ಮಸುಕು ಆಕಾರ ಒಬ್ಬ ಹೆಂಗಸಾಗುತ್ತದೆ. ಇದೆಲ್ಲ ಒಂದೇ ಏಟಿಗೆ ಆಗುವುದಿಲ್ಲ. ಮೊದಲು ಕತ್ತು ಮುರಿದಂತೆ ನಕ್ಷೆ ಜೋತ ಒಂದು ಜಾಗ, ತಲೆಕೆಳಗಾದ ಎರಡು ಕಣ್ಣು. ವಾರಗಳು ಕಳೆದಂತೆ ಬಗ್ಗಿ ನಡೆಯುವ ಯಾರೋ. ಆಮೇಲೆ ನಾಯಿಕೊಡೆಗಳು. ಬೇಸರದಿಂದ ಕುತೂಹಲ, ಕುತೂಹಲದಿಂದ ಅನುಮಾನ, ಅನುಮಾನದಿಂದ ಖಚಿತ ನಂಬಿಕೆ, ಹೀಗೆ ಒಂದು ಮನಸ್ಸು ಜಾರುವ ಹಂತಗಳನ್ನು ಗಿಲ್ಮನ್ ಅಷ್ಟು ಕರಾರುವಾಕ್ಕಾಗಿ ದಾಖಲಿಸಿದ್ದಾರೆ. ಮನೋರೋಗದ ಆರಂಭವನ್ನು ಇಷ್ಟು ಚೆನ್ನಾಗಿ ಬರೆದದ್ದನ್ನು ತಾನು ಕಂಡಿಲ್ಲವೆಂದು ಒಬ್ಬ ವೈದ್ಯರು ಕಾಗದ ಬರೆದಿದ್ದರೆಂದು ಅವರೇ 1913ರಲ್ಲಿ ನೆನಪಿಸಿಕೊಂಡಿದ್ದಾರೆ.

ಕೆಲಸ ಮಾಡಬಾರದು, ಬರೆಯಬಾರದು ಎಂದು ಗಂಡ ತಡೆದ ಮೇಲೆ ಆ ಹೆಂಗಸಿಗೆ ಓದಲು ಉಳಿದದ್ದು ಗೋಡೆಯೊಂದೇ. ಅವಳ ಬುದ್ಧಿ ಕೆಲಸ ನಿಲ್ಲಿಸಲಿಲ್ಲ, ಸಿಕ್ಕಿದ್ದನ್ನು ಓದತೊಡಗಿತು. ಕಾಗದವನ್ನು ನೇರವಾಗಿ ‘ವ್ಯವಸ್ಥೆ’ ಎಂದುಬಿಟ್ಟರೆ ಈ ಅಂಶ ಕೈ ತಪ್ಪುತ್ತದೆ. ಅದು ಅವಳ ಸೆರೆಮನೆ ಹೌದು, ಅದೇ ಅವಳ ಏಕೈಕ ಪುಸ್ತಕವೂ ಹೌದು.

ಈಗ ಎರಡು ಸಣ್ಣ ವಿವರ. ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಈ ಎರಡರಲ್ಲಿದೆ, ಆದರೂ ಮಾರುಕಟ್ಟೆಯ ಗೈಡುಗಳಲ್ಲಿ ಇವಕ್ಕೆ ಜಾಗ ಸಿಗುವುದು ಅಪರೂಪ.

ಮೊದಲನೆಯದು ಗೋಡೆಯ ಗುರುತು. ಕಥೆಯ ಮಧ್ಯ ದಾಟಿದ ಮೇಲೆ ನಿರೂಪಕಿ ಹೇಳುತ್ತಾಳೆ: ಗೋಡೆಯ ಕೆಳಗಡೆ, ನೆಲದ ಹತ್ತಿರ, ಉದ್ದಕ್ಕೆ ಒಂದು ಉಜ್ಜಿದ ಗುರುತಿದೆ. ಮಂಚವೊಂದನ್ನು ಬಿಟ್ಟು ಉಳಿದೆಲ್ಲ ಸಾಮಾನಿನ ಹಿಂದೆ ಅದು ಕೋಣೆಯನ್ನು ಸುತ್ತುತ್ತದೆ. ಯಾರು ಮಾಡಿದರೋ, ಯಾಕೆ ಮಾಡಿದರೋ ಎಂದು ಅವಳಿಗೆ ಆಶ್ಚರ್ಯ. ಇದಕ್ಕೆ ಸ್ವಲ್ಪ ಮುಂಚೆ, ನಿನ್ನ ಮತ್ತು ಜಾನ್‌ನ ಬಟ್ಟೆಯ ಮೇಲೂ ಹಳದಿ ಕಲೆಯಾಗಿದೆ, ಜೋಪಾನ ಎಂದು ನಾದಿನಿ ಜೆನ್ನಿ ಹೇಳಿರುತ್ತಾಳೆ. ಹಗಲಲ್ಲಿ ತೆವಳುವಾಗ ತಾನು ಬಾಗಿಲಿಗೆ ಬೀಗ ಹಾಕಿಕೊಳ್ಳುತ್ತೇನೆಂದು ಇನ್ನೊಂದು ಕಡೆ ನಿರೂಪಕಿಯ ಬಾಯಿಂದ ಬಂದುಹೋಗುತ್ತದೆ. ಕೊನೆಯ ಪುಟದಲ್ಲಿ ಅವಳು ಗೋಡೆಯ ಅಂಚಿಗೆ ತೆವಳುತ್ತ ಸುತ್ತುವಾಗ ಆ ಗುರುತಿಗೆ ಅವಳ ಭುಜ ಸರಿಯಾಗಿ ಕೂರುತ್ತದೆ. ಆ ಗುರುತು ಮೂಡಿಸಿದವರು ಯಾರು? ಅವಳೇ ಎಂದರೆ ಎಷ್ಟು ದಿನಗಳಿಂದ? ಅದನ್ನು ಅವಳು ನಮ್ಮಿಂದ ಮುಚ್ಚಿಟ್ಟಳೋ, ಅವಳಿಗೇ ಗೊತ್ತಿಲ್ಲವೋ? ಆ ಕೋಣೆಯಲ್ಲಿ ಅವಳಿಗಿಂತ ಮೊದಲು ಇನ್ಯಾರನ್ನಾದರೂ ಕೂಡಿಹಾಕಿದ್ದರೆ? ಕಥೆ ಉತ್ತರ ಕೊಡುವುದಿಲ್ಲ. ಜಾನ್‌ನ ಬಟ್ಟೆಗೂ ಆ ಕಲೆ ತಗುಲಿದೆ ಎಂಬುದನ್ನು ಗಮನಿಸಿದ ವಿದ್ಯಾರ್ಥಿ ತನ್ನಷ್ಟಕ್ಕೇ ಎಷ್ಟೋ ದೂರ ಹೋಗಬಲ್ಲಳು.

ಎರಡನೆಯದು ಮಂಚ. ಅದರ ಮರವನ್ನು ಯಾರೋ ಕಚ್ಚಿ ಕಡಿದಿದ್ದಾರೆ. ಹಿಂದೆ ಇಲ್ಲಿದ್ದ ಮಕ್ಕಳ ದಾಂಧಲೆ ಎಷ್ಟಿತ್ತೋ ಎಂದು ಅವಳು ಅಚ್ಚರಿಪಡುತ್ತಾಳೆ. ಕೆಲವೇ ಸಾಲುಗಳಾದ ಮೇಲೆ, ಮಂಚ ಅಲುಗಲಿಲ್ಲವೆಂಬ ಸಿಟ್ಟಿನಲ್ಲಿ ಅದರ ಒಂದು ಮೂಲೆಯನ್ನು ಕಚ್ಚಿ ಚೂರು ತೆಗೆದೆ, ಹಲ್ಲು ನೋಯಿತು ಎಂದು ಬರೆಯುತ್ತಾಳೆ. ಎರಡು ವಾಕ್ಯಗಳ ನಡುವೆ ಯಾವ ವಿವರಣೆಯೂ ಇಲ್ಲ. ಮೊದಲ ಹಲ್ಲಿನ ಗುರುತು ಮಕ್ಕಳದಾಗಿರಲಾರದು ಎಂಬ ಅರಿವು ಓದುಗರಿಗೆ ಆಗುವ ಕ್ಷಣವಿದೆಯಲ್ಲ, ಅದನ್ನು ನಾವು ನೋಟ್ಸ್ ಬರೆಸಿ ಕಸಿದುಕೊಳ್ಳಬಾರದು. ‘ಮಂಚವು ದಾಂಪತ್ಯದ ಸಂಕೇತ’ ಎಂದು ಬರೆದುಕೊಂಡ ಹುಡುಗಿಗೆ ಆ ಹಲ್ಲಿನ ಗುರುತು ಕಾಣುವುದಿಲ್ಲ.

ಕಾಗದವನ್ನು ಕಾಗದವಾಗಿ ನೋಡಿ ಎಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಹತ್ತೊಂಬತ್ತನೆಯ ಶತಮಾನದ ಗೋಡೆಯ ಕಾಗದ ನಿಜವಾಗಿಯೂ ಜನರನ್ನು ಕಾಯಿಲೆಗೆ ಕೆಡವುತ್ತಿತ್ತು. ಬಣ್ಣಗಳಲ್ಲಿ, ಮುಖ್ಯವಾಗಿ ಹಸಿರಿನಲ್ಲಿ, ಆರ್ಸೆನಿಕ್ ಇರುತ್ತಿತ್ತು. 1874ರಲ್ಲಿ ಮಿಷಿಗನ್‌ನ ರಸಾಯನಶಾಸ್ತ್ರಜ್ಞ ರಾಬರ್ಟ್ ಕೆಡ್ಜಿ ಅಂಥ ಕಾಗದದ ಮಾದರಿಗಳನ್ನೇ ಕತ್ತರಿಸಿ ಒಂದು ಪುಸ್ತಕವಾಗಿ ಹೊಲಿಸಿ, ಎಚ್ಚರಿಕೆಯೆಂದು ರಾಜ್ಯದ ಗ್ರಂಥಾಲಯಗಳಿಗೆ ಹಂಚಿದರು. ಗಿಲ್ಮನ್ ಕಥೆಯ ಕಾಗದದಲ್ಲಿ ವಿಷವಿತ್ತೆಂದು ನಾನು ವಾದಿಸುತ್ತಿಲ್ಲ. ಆದರೆ ಮಳೆ ಮಂಜಿನ ವಾರದಲ್ಲಿ ಮನೆಯಿಡೀ ಹರಡಿ ತಲೆಗೂದಲಿಗೂ ಅಂಟಿಕೊಳ್ಳುವ ಆ ಹಳದಿ ವಾಸನೆಯನ್ನು, ಮುಟ್ಟಿದ ಬಟ್ಟೆಗೆಲ್ಲ ಬಣ್ಣ ಬಿಡುವ ಆ ಕಾಗದವನ್ನು 1892ರ ಓದುಗರು ಬರೀ ಕಲ್ಪನೆಯೆಂದು ತಳ್ಳಿಹಾಕುವಂತಿರಲಿಲ್ಲ. ಕಾಗದ ಬದಲಾಯಿಸಿ ಎಂಬ ಅವಳ ಕೋರಿಕೆ ಹುಚ್ಚಿನ ಲಕ್ಷಣವಾಗಿರಲಿಲ್ಲ. ಅದು ತೀರಾ ವಿವೇಕದ ಮಾತಾಗಿರಬಹುದಿತ್ತು.

ಹಳದಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. 1989ರಲ್ಲಿ ವಿಮರ್ಶಕಿ ಸೂಸನ್ ಲ್ಯಾನ್ಸರ್ ಒಂದು ಮುಖ್ಯ ಪ್ರಬಂಧ ಬರೆದರು. ಚೀನೀ ವಲಸಿಗರನ್ನು ತಡೆಯುವ ಕಾಯ್ದೆ ಅಮೆರಿಕದಲ್ಲಿ ಜಾರಿಗೆ ಬಂದದ್ದು 1882ರಲ್ಲಿ. ಆ ದ್ವೇಷ ಕುದಿಯುತ್ತಿದ್ದ ಕ್ಯಾಲಿಫೋರ್ನಿಯಾದಲ್ಲೇ ಕಥೆ ಹುಟ್ಟಿತು. ಬಿಳಿಯ ಹೆಂಗಸೊಬ್ಬಳಿಗೆ ಹಳದಿ ಬಣ್ಣ ಅಷ್ಟು ಹೊಲಸಾಗಿ, ಅಷ್ಟು ಭಯಂಕರವಾಗಿ ಕಾಣುವುದರ ಹಿಂದೆ ಆ ಕಾಲದ ಜನಾಂಗದ್ವೇಷವೂ ಇಲ್ಲವೇ ಎಂದು ಲ್ಯಾನ್ಸರ್ ಕೇಳಿದರು. ಗಿಲ್ಮನ್ ಮುಂದೆ ಕಪ್ಪು ಜನರ ಬಗ್ಗೆ, ವಲಸಿಗರ ಬಗ್ಗೆ ಬರೆದದ್ದರಲ್ಲಿ ನಾವು ಒಪ್ಪಲಾಗದ, ನೋವು ತರುವ ಮಾತುಗಳಿವೆ. ಅದನ್ನು ಮುಚ್ಚಿಟ್ಟು ಅವರನ್ನು ಕೇವಲ ಸ್ತ್ರೀವಾದದ ಆದ್ಯರೆಂದು ಕಲಿಸುವುದು ನಮ್ಮ ವಿದ್ಯಾರ್ಥಿಗಳಿಗೆ ಮಾಡುವ ಮೋಸ. ಲ್ಯಾನ್ಸರ್ ಅವರ ವಾದವನ್ನು ಪೂರ್ತಿ ಒಪ್ಪಬೇಕೆಂದಿಲ್ಲ. ಅದನ್ನು ಎದುರಿಗಿಟ್ಟುಕೊಂಡಾಗ ಒಂದು ಸಂಗತಿಯಂತೂ ಸ್ಪಷ್ಟವಾಗುತ್ತದೆ: ಬಣ್ಣಕ್ಕೆ ನಾವು ಬರೆಸುವ ಒಂದು ಸಾಲಿನ ಅರ್ಥ ಸಾಲದು.

ಓದುವ ರೀತಿಯೂ ಕಾಲಕಾಲಕ್ಕೆ ಬದಲಾಗಿದೆ. ಬಹಳ ವರ್ಷ ಇದನ್ನು ಎಡ್ಗರ್ ಆಲನ್ ಪೋ ಜಾಡಿನ ಭಯಾನಕ ಕಥೆಯೆಂದೇ ಹೆಚ್ಚಾಗಿ ಓದಿದರು. 1973ರಲ್ಲಿ ನ್ಯೂಯಾರ್ಕಿನ ಫೆಮಿನಿಸ್ಟ್ ಪ್ರೆಸ್ ಇದನ್ನು ಎಲೇನ್ ಹೆಜಸ್ ಅವರ ಹಿನ್ನುಡಿಯೊಂದಿಗೆ ಪ್ರಕಟಿಸಿದ ಮೇಲೆಯೇ ಇಂದಿನ ಸ್ತ್ರೀವಾದಿ ಓದು ಬಲವಾಗಿ ಬೇರೂರಿದ್ದು. ಆ ಓದಿನ ಋಣ ನಮ್ಮೆಲ್ಲರ ಮೇಲಿದೆ. ಅದು ಇಲ್ಲದಿದ್ದರೆ ಈ ಕಥೆ ನಮ್ಮ ಕೈಗೆ ಬರುತ್ತಲೇ ಇರಲಿಲ್ಲ.

ಆ ಓದಿನಲ್ಲೇ ಹುಟ್ಟಿ ನಮ್ಮ ತರಗತಿಗಳಲ್ಲಿ ಗಟ್ಟಿಯಾದ ಒಂದು ಮಾತಿಗೆ ಮಾತ್ರ ನಾನು ಎದುರು ನಿಲ್ಲುತ್ತೇನೆ. ಕೊನೆಯ ದೃಶ್ಯವನ್ನು ‘ಗೆಲುವು’ ಎಂದು ಕಲಿಸಬೇಡಿ. ಅಲ್ಲಿ ಏನಾಗುತ್ತಿದೆ ನೋಡಿ. ಬೀಗ ಹಾಕಿಕೊಂಡ ಬಾಗಿಲು, ಹೊರಗೆ ಎಲೆಯೊಂದರ ಕೆಳಗೆ ಎಸೆದ ಕೀಲಿ, ಯಾರಿಗೂ ಕಾಣದಂತೆ ಇಟ್ಟುಕೊಂಡ ಹಗ್ಗ, ಅದನ್ನೇ ಬಿಗಿದುಕೊಂಡು ಕೋಣೆಯಿಂದ ಹೊರಗೆ ಬರಲಾರೆನೆಂಬ ಹಟ. ಕಿಟಕಿಯಿಂದ ಹಾರುವ ಯೋಚನೆಯೂ ಬಂದು ಹೋಗಿದೆ. ಬಾಗಿಲು ತೆರೆದು ಬಂದ ಗಂಡ ಮೂರ್ಛೆ ಹೋಗಿ ಬೀಳುತ್ತಾನೆ, ಅವಳು ಅವನನ್ನು ದಾಟಿಕೊಂಡು ತೆವಳುತ್ತಲೇ ಇರುತ್ತಾಳೆ. ಜಾನ್‌ನ ಅಧಿಕಾರ ಆ ಕ್ಷಣ ನೆಲಕ್ಕೆ ಬಿತ್ತು ಎಂಬುದು ಸತ್ಯ. ಆದರೆ ನೆಲದ ಮೇಲೆ ಇಬ್ಬರೂ ಇದ್ದಾರೆ. ಈ ಹೆಂಗಸಿಗೆ ತುರ್ತಾಗಿ ಆರೈಕೆ ಬೇಕು. ಅವಳ ಮನೋರೋಗವನ್ನು ಬಂಡಾಯದ ರೂಪಕವಾಗಿಸಿ ಚಪ್ಪಾಳೆ ತಟ್ಟಿದಾಗ, ನೀನು ಆರೋಗ್ಯವಾಗಿಯೇ ಇದ್ದೀಯ ಎಂದ ಜಾನ್ ಮಾಡಿದ್ದನ್ನೇ ನಾವು ಬೇರೆ ದಿಕ್ಕಿನಿಂದ ಮಾಡುತ್ತೇವೆ. ಅವಳ ನೋವು ಎರಡೂ ಕಡೆ ಲೆಕ್ಕಕ್ಕೆ ಬರುವುದಿಲ್ಲ. ಗಿಲ್ಮನ್ ತಾವೇ ಹೇಳಿದ ಉದ್ದೇಶ ಬೇರೆ ಇತ್ತು: ಜನ ಹೀಗೆ ಹುಚ್ಚಿಗೆ ತಳ್ಳಲ್ಪಡುವುದನ್ನು ತಪ್ಪಿಸಲು ಬರೆದೆ ಎಂದರು. ಅಚ್ಚಾದ ಕಥೆಯ ಒಂದು ಪ್ರತಿಯನ್ನು ಮಿಚೆಲ್ ಅವರಿಗೂ ಕಳಿಸಿದರು. ಅವರಿಂದ ಉತ್ತರ ಬರಲಿಲ್ಲ.

ನಮ್ಮ ತರಗತಿಯಲ್ಲಿ ಕೂತ ಮಕ್ಕಳಿಗೆ ಇದು ದೂರದ ದೇಶದ ವಿಷಯವಲ್ಲ ಎಂಬುದು ನಿಮಗೂ ಅನುಭವಕ್ಕೆ ಬಂದಿರಬೇಕು. ಬಾಣಂತಿ ಸನ್ನಿಯ ಮಾತು ಕೇಳದ ಮನೆ ನಮ್ಮಲ್ಲಿ ಕಡಿಮೆ. ಅಕ್ಕನಿಗೆ ಹೀಗಾಗಿತ್ತು, ಚಿಕ್ಕಮ್ಮನನ್ನು ತವರಿಗೆ ಕಳಿಸಿದವರು ವಾಪಸ್ ಕರೆಸಿಕೊಳ್ಳಲಿಲ್ಲ ಎಂದು ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳಿದ ಹುಡುಗಿಯರಿದ್ದಾರೆ. ನಮ್ಮಲ್ಲಿ ತ್ರಿವೇಣಿ ‘ಶರಪಂಜರ’ ಬರೆದರು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದಾಗ ಕಲ್ಪನಾ ಕಾವೇರಿಯಾಗಿ ತೆರೆಯ ಮೇಲೆ ಬಂದರು. ಅಲ್ಲಿಯೂ ಹೆರಿಗೆಯ ನಂತರವೇ ಮನಸ್ಸು ಕದಡುತ್ತದೆ. ಆದರೆ ತ್ರಿವೇಣಿ ಗಿಲ್ಮನ್ ಬಿಟ್ಟ ಜಾಗದಿಂದ ಮುಂದಕ್ಕೆ ಹೋಗುತ್ತಾರೆ. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಮರಳಿದವಳನ್ನು ಮನೆ ನಂಬುವುದಿಲ್ಲ. ಅವಳು ಏನು ಮಾಡಿದರೂ ಕಾಯಿಲೆಯ ಗುರುತು ಹುಡುಕುವ ಕಣ್ಣುಗಳೇ ಅವಳನ್ನು ಮತ್ತೆ ಕೆಡವುತ್ತವೆ. ಇಂಗ್ಲಿಷ್ ತರಗತಿಯಲ್ಲಿ ಈ ಕಾದಂಬರಿಯ ಹೆಸರೆತ್ತಲು ಹಿಂಜರಿಯಬೇಡಿ. ಗಿಲ್ಮನ್ ಕಥೆಯಲ್ಲಿ ಮಗು ಯಾಕೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ. ನಿಜ ಜೀವನದಲ್ಲಿ ಮಗುವನ್ನು ಸದಾ ಪಕ್ಕದಲ್ಲಿಟ್ಟುಕೋ ಎಂಬ ಆದೇಶ ಪಡೆದ ತಾಯಿ, ತನ್ನ ಕಥೆಯಲ್ಲಿ ಮಗುವನ್ನು ಮೇರಿ ಎಂಬ ದಾದಿಯ ಕೈಗೆ ಕೊಟ್ಟು, ಆ ಕೋಣೆಯ ಗೋಡೆಯಿಂದ ಅದು ಪಾರಾಯಿತಲ್ಲ ಎಂದು ನಿರೂಪಕಿಗೆ ಸಮಾಧಾನ ಕೊಡುತ್ತಾರೆ.

ಮನೋರೋಗದ ಬಗ್ಗೆ ತರಗತಿಯಲ್ಲಿ ಆಡುವ ಮಾತು ಹಗುರವಾಗದಿರಲಿ ಎಂಬುದು ನನ್ನ ಇನ್ನೊಂದು ಕೋರಿಕೆ. ಕಾಲ ಬದಲಾಗಿದೆ ಎಂಬುದನ್ನೂ ಮಕ್ಕಳಿಗೆ ಹೇಳೋಣ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗುವಿನ ಘಟಕವಿದೆ. ಕಾಯಿಲೆಯಾದ ಬಾಣಂತಿಯನ್ನು ಕೂಸಿನ ಜೊತೆಗೇ ಸೇರಿಸಿಕೊಂಡು ಇಬ್ಬರನ್ನೂ ನೋಡಿಕೊಳ್ಳುತ್ತಾರೆ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಈ ಪಾಠದ ಕೊನೆಯಲ್ಲಿ ಆ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದರೆ ಸಾಹಿತ್ಯಕ್ಕೇನೂ ಅಪಚಾರವಾಗುವುದಿಲ್ಲ. ಇಂಥ ಕೆಲಸಕ್ಕೆಂದೇ ಈ ಕಥೆ ಬರೆದದ್ದು ಎಂದು ಲೇಖಕಿಯೇ ಹೇಳಿದ್ದಾರಲ್ಲ.

ಇಷ್ಟೆಲ್ಲ ಆದ ಮೇಲೂ ಪರೀಕ್ಷೆ ಇರುತ್ತದೆ, ಅಂಕ ಇರುತ್ತದೆ, ಸಮಯ ಸಾಲುವುದಿಲ್ಲ ಎಂದು ನೀವು ಹೇಳುತ್ತೀರಿ. ಎಂಬತ್ತು ಮಂದಿಯ ತರಗತಿಯಲ್ಲಿ, ನಾಲ್ಕೈದು ಗಂಟೆಗಳಲ್ಲಿ ಒಂದು ಘಟಕ ಮುಗಿಸುವ ಒತ್ತಡ ನನಗೂ ಇದೆ. ಆದ್ದರಿಂದ ಪ್ರಶ್ನೆಪತ್ರಿಕೆಯಿಂದಲೇ ಶುರು ಮಾಡೋಣ. ‘ಸಂಕೇತಗಳನ್ನು ವಿವರಿಸಿ’ ಎಂಬ ಪ್ರಶ್ನೆಯನ್ನು ಕೈಬಿಡೋಣ. ಅದರ ಬದಲು ಹೀಗೆ ಕೇಳಬಹುದು: ಗೋಡೆಯ ಕೆಳಭಾಗದ ಗುರುತು ಕಥೆಯಲ್ಲಿ ಎರಡು ಸಲ ಬರುತ್ತದೆ, ಈ ಎರಡರ ನಡುವೆ ನಿರೂಪಕಿ ನಮಗೆ ಹೇಳದೆ ಬಿಟ್ಟದ್ದು ಏನಿರಬಹುದು? ಕಾಗದ ಬದಲಾಯಿಸಲು ಜಾನ್ ಒಪ್ಪದಿರುವುದಕ್ಕೆ ಕೊಡುವ ಕಾರಣವನ್ನು ಪರಿಶೀಲಿಸಿ. ಹಗಲಿನ ನಕ್ಷೆಗೂ ಬೆಳದಿಂಗಳ ನಕ್ಷೆಗೂ ಇರುವ ವ್ಯತ್ಯಾಸವನ್ನು ಕಥೆಯ ವಿವರಗಳಿಂದ ತೋರಿಸಿ. ಜೆನ್ನಿ ಕಥೆಯಲ್ಲಿ ಯಾವಾಗ ಯಾವಾಗ ಬರುತ್ತಾಳೆ, ಅವಳಿಗೆ ಎಷ್ಟು ಗೊತ್ತಿದೆ ಎಂದು ನಿಮಗನ್ನಿಸುತ್ತದೆ? ಇವಕ್ಕೆ ಯಾವ ಗೈಡಿನಲ್ಲೂ ಸಿದ್ಧ ಉತ್ತರವಿಲ್ಲ, ಒಂದೇ ಸರಿಯುತ್ತರವೂ ಇಲ್ಲ. ಹಾಗಾಗಿ ಮೌಲ್ಯಮಾಪನದ ಸ್ಕೀಮಿನಲ್ಲಿ, ಕಥೆಯ ಯಾವ ಜಾಗವನ್ನು ಹಿಡಿದು ವಾದಿಸಿದ್ದಾರೆ ಎಂಬುದಕ್ಕೆ ಅರ್ಧಕ್ಕಿಂತ ಹೆಚ್ಚು ಅಂಕ ಮೀಸಲಿಡಬೇಕಾಗುತ್ತದೆ. ನಮ್ಮ ನೋಟ್ಸಿಗೆ ವಿರುದ್ಧ ಬರೆದವರಿಗೂ ಅಂಕ ಸಿಗಬೇಕಾಗುತ್ತದೆ.

ಅಧ್ಯಯನ ಮಂಡಳಿಯ ಮುಂದಿನ ಸಭೆಗೆ ಈ ಪ್ರಶ್ನೆಗಳನ್ನು ಲಿಖಿತವಾಗಿ ಕಳಿಸುತ್ತಿದ್ದೇನೆ. ನಿಮ್ಮ ಪ್ರಶ್ನೆಗಳನ್ನೂ ಸಭೆಗೆ ಮುಂಚೆಯೇ ಬರೆದು ಕಳಿಸಿ. ಒಪ್ಪಿಗೆಯಾಗದ ಅಂಶಗಳಿದ್ದರೆ ಅವನ್ನೂ ಬರೆಯಿರಿ. ಸಭೆಯಲ್ಲಿ ಕಥೆಯ ಪುಟಗಳನ್ನು ಎದುರಿಗಿಟ್ಟುಕೊಂಡೇ ಚರ್ಚಿಸೋಣ.

ವಿಶ್ವಾಸದಿಂದ,
ನಿಮ್ಮ ಸಹೋದ್ಯೋಗಿ